ಒಂದಕ್ಕೆ ಐವತ್ತು: ಲಾರಿಯ ಕಿರುಮಾದರಿಯೂ ಅಂಕೋಲೆಯ ರಸ್ತೆಯೂ

ಘಟ್ಟಕ್ಕೂ ಕಡಲಿಗೂ ನಡುವಿನ ಅಂಕೋಲಾ ತಾಲೂಕಿನ ಹಿಲ್ಲೂರಿನವರಿಗೆ ಲಾರಿಗಳ ಜಾತಿ ಬಿಡಿಸಿ ಹೇಳಬೇಕಾಗಿಲ್ಲ. ಅರಬೈಲ್ ಘಟ್ಟ ಇಳಿದು ಬರುವ ಹುಬ್ಬಳ್ಳಿ ಹೆದ್ದಾರಿ, ಕರಾವಳಿಗುಂಟ ಸಾಗುವ 66ನೇ ಹೆದ್ದಾರಿ ಎರಡೂ ಕೂಡುವುದು ಇದೇ ತಾಲೂಕಿನಲ್ಲಿ. ಕಾಳಿ ನದಿಯ ಅಣೆಕಟ್ಟುಗಳು, ಕೊಂಕಣ ರೈಲುಮಾರ್ಗ, ಕೈಗಾ ಅಣುಸ್ಥಾವರ, ಕಾರವಾರದ ನೌಕಾನೆಲೆ, ಚತುಷ್ಪಥದ ಕೆಲಸ ಹೀಗೆ ಒಂದರ ಹಿಂದೊಂದು ಕಾಮಗಾರಿ ನಡೆದ ಈ ಸೀಮೆಯಲ್ಲಿ ಟಿಪ್ಪರು, ಹಿಟಾಚಿ, ಲೋ-ಬೆಡ್ ಟ್ರೇಲರುಗಳು ಎತ್ತಿನ ಗಾಡಿಗಿಂತ ಹೆಚ್ಚು ಪರಿಚಿತ. ಆದರೆ ಇವೇ ವಾಹನಗಳನ್ನು ಅಳತೆಗೆ ಸರಿಯಾಗಿ ಕುಗ್ಗಿಸಿ ಕಪಾಟಿನಲ್ಲಿಡುವ ಹವ್ಯಾಸವನ್ನು ಮಾತ್ರ ನಾವು ಯುರೋಪಿನ ಸಿರಿವಂತರ ಚಾಳಿ ಎಂದೋ, ದೊಡ್ಡವರ ಮಕ್ಕಳಾಟ ಎಂದೋ ಬದಿಗೆ ತಳ್ಳಿದ್ದೇವೆ. ಈ ಅಧ್ಯಾಯದ ವಾದ ಬೇರೆ. ಕಿರುಮಾದರಿಯ ಬೆಲೆ ಇರುವುದು ಅದರ ಹೊಳಪಿನಲ್ಲೂ ಅಲ್ಲ, ಅಪರೂಪದಲ್ಲೂ ಅಲ್ಲ, ಅಳತೆಯಲ್ಲಿ; ಅಳತೆ ಕೆಡದ ಮಾದರಿ ರಸ್ತೆಯ ಬಗ್ಗೆ ರಸ್ತೆಯೇ ಹೇಳದ ಸಂಗತಿಗಳನ್ನು ಹೇಳುತ್ತದೆ.

ಆಟಿಕೆಗೂ ಮಾದರಿಗೂ ಇರುವ ಅಂತರ ಇಲ್ಲೇ ಇದೆ. 1953ರಲ್ಲಿ ಇಂಗ್ಲೆಂಡಿನ ಲೆಸ್ನಿ ಕಂಪನಿ 'ಮ್ಯಾಚ್‌ಬಾಕ್ಸ್' ಹೆಸರಿನಲ್ಲಿ ಹೊರತಂದ ಮಾಲಿಕೆಯ ಮೊದಲ ಮೂರು ಆಟಿಕೆಗಳು ರೋಲರ್, ಡಂಪರ್ ಮತ್ತು ಕಾಂಕ್ರೀಟ್ ಮಿಕ್ಸರ್. ಕಾರುಗಳ ಸರದಿ ಬಂದದ್ದು ಆಮೇಲೆ. ಮಕ್ಕಳು ಶಾಲೆಗೆ ತರುವ ಆಟಿಕೆ ಬೆಂಕಿಪೊಟ್ಟಣದೊಳಗೆ ಹಿಡಿಸುವಂತಿರಬೇಕೆಂಬ ನಿಯಮವಿದ್ದುದರಿಂದ, ಕಂಪನಿಯ ಪಾಲುದಾರ ಜ್ಯಾಕ್ ಓಡೆಲ್ ತನ್ನ ಮಗಳಿಗಾಗಿ ಪುಟ್ಟದೊಂದು ರೋಲರ್ ಮಾಡಿಕೊಟ್ಟದ್ದು ಇದರ ಮೂಲ ಎನ್ನುತ್ತಾರೆ. ಅಂದರೆ ಅಲ್ಲಿ ಅಳತೆಗೋಲು ಪೊಟ್ಟಣ; ಯಂತ್ರ ಅದಕ್ಕೆ ತಕ್ಕಂತೆ ಕುಗ್ಗಬೇಕು. ಪುಟ್ಟ ಟ್ರ್ಯಾಕ್ಟರೂ ದೊಡ್ಡ ಲಾರಿಯೂ ಒಂದೇ ಗಾತ್ರಕ್ಕೆ ಬಂದು ನಿಂತವು. ಸಂಗ್ರಹಕಾರರ ಮಾದರಿ ಇದಕ್ಕೆ ತದ್ವಿರುದ್ಧ. ಜರ್ಮನಿಯ ಎನ್‌ಜೆಡ್‌ಜಿ, ಕಾನ್ರಾಡ್, ನೆದರ್ಲೆಂಡಿನ ಡಬ್ಲ್ಯುಎಸ್‌ಐ ಮುಂತಾದ ತಯಾರಕರು ಕಾಮಗಾರಿ ಯಂತ್ರಗಳಿಗೆ ಹೆಚ್ಚಾಗಿ ಬಳಸುವುದು ಒಂದಕ್ಕೆ ಐವತ್ತರ ಪ್ರಮಾಣ. ಇಂಥ ಮಾದರಿಗಳು ಎಷ್ಟೋ ವರ್ಷ ಆಟಿಕೆ ಅಂಗಡಿಗಿಂತ ಯಂತ್ರ ಮಾರುವವರ ಮೇಜಿನ ಮೇಲೆಯೇ ಹೆಚ್ಚು ಇದ್ದವು. ಗಿರಾಕಿಗೆ ಯಂತ್ರವನ್ನೇ ಹೊತ್ತು ತಂದು ತೋರಿಸಲಾಗದು. ಆದ್ದರಿಂದ ಬಕೆಟ್ಟಿನ ಚಲನೆ, ಆಕ್ಸಲುಗಳ ಅಂತರ, ಹೈಡ್ರಾಲಿಕ್ ಕೊಳವೆಯ ದಾರಿ ತಪ್ಪುವಂತಿರಲಿಲ್ಲ.

ಒಂದಕ್ಕೆ ಐವತ್ತು ಎಂದರೆ ಉದ್ದ ಮಾತ್ರ ಐವತ್ತನೇ ಒಂದು ಪಾಲು. 12.2 ಮೀಟರಿನ ಕಂಟೇನರು 24.4 ಸೆಂಟಿಮೀಟರಾಗುತ್ತದೆ, ಎರಡೂವರೆ ಮೀಟರ್ ಅಗಲದ ಲಾರಿ ಐದು ಸೆಂಟಿಮೀಟರಾಗುತ್ತದೆ. ಆದರೆ ಗಾತ್ರ ಮೂರು ದಿಕ್ಕಿನಲ್ಲೂ ಕುಗ್ಗುವುದರಿಂದ ಅದು 1,25,000ದ ಒಂದು ಪಾಲಿಗೆ ಇಳಿಯುತ್ತದೆ. 49 ಟನ್ನಿನ ಟ್ರೇಲರನ್ನು ತೂಕದಲ್ಲೂ ಅದೇ ಲೆಕ್ಕಕ್ಕೆ ತಂದರೆ 392 ಗ್ರಾಂ. ಈ ಗಣಿತವನ್ನು ಬೇಲೆಕೇರಿಯ ಅದಿರಿಗೆ ಅನ್ವಯಿಸಿ ನೋಡಬೇಕು. ಹೊಸಪೇಟೆ, ಬಳ್ಳಾರಿ ಕಡೆಯಿಂದ ಅದಿರು ಹೊತ್ತ ಲಾರಿಗಳು ಅರಬೈಲ್ ಇಳಿದು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಬಂದ ವರ್ಷಗಳಲ್ಲಿ ಅತಿಭಾರ ದಿನನಿತ್ಯದ ಮಾತಾಗಿತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಬಗ್ಗೆ ಕೊಟ್ಟ ವರದಿಯಲ್ಲೂ ಅದರ ಪ್ರಸ್ತಾಪವಿದೆ. ಆಗಿನ ನಿಯಮದಂತೆ ಹತ್ತು ಚಕ್ರದ ಲಾರಿಯ ಒಟ್ಟು ತೂಕ 25 ಟನ್ ಮೀರಬಾರದು, ಅಂದರೆ ಹೇರು ಹೆಚ್ಚುಕಡಿಮೆ 16 ಟನ್. ತೊಟ್ಟಿ 14 ಘನ ಮೀಟರಿನದು ಎಂದಿಟ್ಟುಕೊಳ್ಳಿ. ಸಡಿಲವಾಗಿ ಸುರಿದ ಅದಿರು ಘನ ಮೀಟರಿಗೆ ಸುಮಾರು ಎರಡೂವರೆ ಟನ್ ತೂಗುತ್ತದೆ. ಅಂಚಿನವರೆಗೆ ತುಂಬಿದರೆ 35 ಟನ್; ಕಾನೂನು ಒಪ್ಪುತ್ತಿದ್ದುದು ಆರೂವರೆ ಘನ ಮೀಟರಿಗೂ ಕಡಿಮೆ. ಮಾದರಿಯಲ್ಲಿ ಅದೇ ತೊಟ್ಟಿಗೆ 112 ಮಿಲಿಲೀಟರ್ ಹಿಡಿಸುತ್ತದೆ, ಸಕ್ರಮ ಹೇರು 51 ಮಿಲಿಲೀಟರಿಗೇ ಮುಗಿಯುತ್ತದೆ. ಅರ್ಧವೂ ತುಂಬದ ಆ ತೊಟ್ಟಿಯನ್ನು ಮೇಜಿನ ಮೇಲೆ ಕಂಡವರಿಗೆ, ಗೋಪುರದಂತೆ ಹೇರಿಕೊಂಡು ಟಾರ್ಪಾಲು ಬಿಗಿದು ಹೋಗುತ್ತಿದ್ದ ಲಾರಿಗಳು ಏನನ್ನು ಹೊತ್ತಿದ್ದವು, ರಸ್ತೆ ಯಾಕೆ ಹಾಗೆ ಕಿತ್ತುಹೋಯಿತು ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಬೆಂಕಿಪೊಟ್ಟಣದ ಲಾರಿಯಿಂದ ಈ ಲೆಕ್ಕ ಹುಟ್ಟುವುದಿಲ್ಲ, ಅದರ ತೊಟ್ಟಿಗೆ ಅಳತೆಯೇ ಇಲ್ಲ.

ಟ್ರೇಲರುಗಳ ವಿಷಯದಲ್ಲಿ ಮಾದರಿ ಇನ್ನೂ ಹೆಚ್ಚು ಕಲಿಸುತ್ತದೆ. ಕೈಗಾದಲ್ಲಿ ಈಗಿರುವ ನಾಲ್ಕು ಘಟಕಗಳು ತಲಾ 220 ಮೆಗಾವಾಟಿನವು. ಇನ್ನು ಬರಬೇಕಾದ 5 ಮತ್ತು 6ನೆಯವು ತಲಾ 700 ಮೆಗಾವಾಟಿನವು. ಉಗಿ ಉತ್ಪಾದಕದಂಥ ಯಂತ್ರವನ್ನು ಸ್ಥಳದಲ್ಲಿ ತುಂಡು ತುಂಡಾಗಿ ಬೆಸೆಯಲಾಗದು, ಕಾರ್ಖಾನೆಯಿಂದ ಇಡಿಯಾಗಿ ತರಬೇಕು. ಇಂಥ ಭಾರಕ್ಕೆ ಬಳಸುವ ಹೈಡ್ರಾಲಿಕ್ ಟ್ರೇಲರಿನಲ್ಲಿ ಆಕ್ಸಲ್ ಸಾಲುಗಳನ್ನು ಬೇಕಾದಷ್ಟು ಜೋಡಿಸುತ್ತಾರೆ. ಭಾರ ಹೆಚ್ಚಿದಂತೆ ಸಾಲು ಹೆಚ್ಚುತ್ತದೆ, ಪ್ರತಿ ಚಕ್ರದ ಮೇಲಿನ ಒತ್ತಡ ಮಿತಿಯೊಳಗೇ ಉಳಿಯುತ್ತದೆ. ಆದರೆ ಉದ್ದ ಬೆಳೆದ ಬಂಡಿ ತಿರುವಿನಲ್ಲಿ ಹೇಗೆ ತಿರುಗೀತು? ಅದಕ್ಕಾಗಿ ಪ್ರತಿ ಸಾಲೂ ತನ್ನದೇ ಕೋನದಲ್ಲಿ ಹೊರಳುತ್ತದೆ. ಗೋಲ್ಡ್‌ಹೋಫರ್, ಶಾಯರ್ಲೆ ಟ್ರೇಲರುಗಳ ಒಳ್ಳೆಯ ಮಾದರಿಗಳಲ್ಲಿ ಈ ಹೊರಳುವ ಸಾಲುಗಳೂ ಇರುತ್ತವೆ. ನೆಲದ ಮೇಲೆ ಸೀಮೆಸುಣ್ಣದಿಂದ 30 ಸೆಂಟಿಮೀಟರ್ ತ್ರಿಜ್ಯದ ಗೆರೆ ಎಳೆದರೆ ಅದು 15 ಮೀಟರ್ ತ್ರಿಜ್ಯದ ಘಟ್ಟದ ತಿರುವು. ಆಕ್ಸಲ್ ಹೊರಳದ ಉದ್ದ ಟ್ರೇಲರನ್ನು ಆ ಗೆರೆಯ ಮೇಲೆ ಎಳೆದು ನೋಡಿದರೆ ಹಿಂದಿನ ಚಕ್ರಗಳು ಗೆರೆ ಬಿಟ್ಟು ಒಳಕ್ಕೆ ಜಾರುತ್ತವೆ, ಅಂದರೆ ನಿಜ ರಸ್ತೆಯಲ್ಲಿ ಚರಂಡಿಗೋ ಎದುರಿನ ವಾಹನದ ಪಾಲಿನ ಜಾಗಕ್ಕೋ. ಘಟ್ಟದಲ್ಲಿ ಟ್ರೇಲರ್ ಸಿಕ್ಕಿಬಿದ್ದಾಗಲೆಲ್ಲ ಚಾಲಕನನ್ನು ಬೈಯುವವರು ಈ ಪ್ರಯೋಗ ಒಮ್ಮೆ ಮಾಡಬಹುದು. ಕಿರುಮಾದರಿಯಲ್ಲಿ ಪರೀಕ್ಷೆ ಮಾಡುವುದು ನಮ್ಮ ಎಂಜಿನಿಯರರಿಗೂ ಹೊಸದಲ್ಲ. ಕೃಷ್ಣರಾಜಸಾಗರದ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟು, ಕಾಲುವೆಗಳನ್ನು ಕುಗ್ಗಿಸಿ ಕಟ್ಟಿ ನೀರು ಹರಿಸಿ ನೋಡುತ್ತಾರೆ.

ಫೋಟೊ, ವಿಡಿಯೊ ಇರುವಾಗ ಇದೆಲ್ಲ ಯಾಕೆ ಎಂಬುದು ಸಹಜವಾದ ಆಕ್ಷೇಪ. ಫೋಟೊ ಬಣ್ಣ ಹೇಳುತ್ತದೆ, ಸಂದರ್ಭ ಹೇಳುತ್ತದೆ. ಚಾಸಿಯ ಅಡಿಭಾಗ, ಪಾಟಾದ ಎಲೆಗಳು, ಎರಡು ಆಕ್ಸಲುಗಳ ನಡುವಿನ ಅಂತರವನ್ನು ಹೇಳುವುದು ಕಡಿಮೆ. ಮಾದರಿ ಮಾಡುವವನು ಇವುಗಳಲ್ಲಿ ಒಂದನ್ನೂ ಬಿಟ್ಟು ಮುಂದೆ ಹೋಗಲಾರ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ: ಕಾಡು ಕಡಿದ, ಗುಡ್ಡ ಕೊರೆದ, ಊರಿಗೆ ಧೂಳು ಕುಡಿಸಿದ ಯಂತ್ರಗಳನ್ನು ಕಪಾಟಿನಲ್ಲಿಟ್ಟು ಮೆರೆಸುವುದು ಸರಿಯೇ? 2024ರ ಜುಲೈ 16ರಂದು ಇದೇ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಗಂಗಾವಳಿ ನದಿಯ ಪಾಲಾದ ಲಾರಿ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರಿನಲ್ಲಿ. ಅದೇ ವರ್ಷದ ಆಗಸ್ಟಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದು ಇನ್ನೊಂದು ಲಾರಿ ನದಿಗೆ ಬಿತ್ತು. ಇಂಥ ಸೀಮೆಯಲ್ಲಿ ಯಂತ್ರಪೂಜೆಗೆ ಜನ ಮುಖ ಸಿಂಡರಿಸಿದರೆ ಅದು ನ್ಯಾಯವೇ. ಫಳಫಳಿಸುವ ಹೊಸ ಬಣ್ಣದ, ಎಂದೂ ಕೆಸರು ಕಾಣದ ಮಾದರಿಗಳ ಸಾಲಿಗೆ ಈ ಆಕ್ಷೇಪ ತಾಗುತ್ತದೆ, ತಾಗಲೂ ಬೇಕು. ಆದರೆ ಹೇರು, ಆಕ್ಸಲ್, ತಿರುವುಗಳ ಲೆಕ್ಕ ಬಲ್ಲ ಸಂಗ್ರಹ ಯಂತ್ರವನ್ನು ಹೊಗಳುವುದಿಲ್ಲ, ಅದರಿಂದ ಲೆಕ್ಕ ಕೇಳುತ್ತದೆ. ಮೇಲಿನ 51 ಮಿಲಿಲೀಟರಿನ ಲೆಕ್ಕ ಯಾವ ಗಣಿ ಮಾಲೀಕನಿಗೂ ಹಿತವಾಗದು.

ನಿಜವಾದ ತೊಂದರೆ ಬೇರೆ ಕಡೆ ಇದೆ. ಅಂಗಡಿಯಲ್ಲಿ ಸಿಗುವ ಒಂದಕ್ಕೆ ಐವತ್ತರ ಮಾದರಿಗಳು ಬಹುಮಟ್ಟಿಗೆ ಯುರೋಪು, ಅಮೆರಿಕದ ವಾಹನಗಳವು, ಒಳ್ಳೆಯ ಟ್ರೇಲರಿನ ಬೆಲೆ ನೂರು ಯೂರೊ ದಾಟುತ್ತದೆ. ಕೆಜಿಎಫ್ ಮತ್ತು ಮೈಸೂರಿನಲ್ಲಿ ಬಿಇಎಂಎಲ್, ಧಾರವಾಡದಲ್ಲಿ ಟಾಟಾ ಹಿಟಾಚಿ, ಹೊಸಕೋಟೆಯಲ್ಲಿ ವೋಲ್ವೊ ಭಾರೀ ಯಂತ್ರ, ಲಾರಿಗಳನ್ನು ತಯಾರಿಸುವ ರಾಜ್ಯ ಇದು. ನಮ್ಮ ಸಂಗ್ರಹಕಾರನ ಕಪಾಟಿನಲ್ಲಿ ಮಾತ್ರ ನಮ್ಮ ರಸ್ತೆಯಿಲ್ಲ. ಇದಕ್ಕೆ ಕಾರಣ ತಯಾರಕರ ಅಸಡ್ಡೆಯೊಂದೇ ಅಲ್ಲ. ನಮ್ಮಲ್ಲಿ ಬಹಳ ಕಾಲ ಲಾರಿ ಕಾರ್ಖಾನೆಯಿಂದ ಹೊರಬಂದದ್ದು ಬರಿಯ ಚಾಸಿಯಾಗಿ. ಕ್ಯಾಬಿನ್ನು, ಡಾಲಾ, ತಲೆಯ ಮೇಲಿನ ಬರಹ, ಕನ್ನಡಿಯ ಸುತ್ತಲಿನ ಬಣ್ಣ ಎಲ್ಲವೂ ಬಾಡಿ ಕಟ್ಟುವವರ ಕೈಯಲ್ಲಿ, ಊರಿಗೊಂದು ರೀತಿಯಲ್ಲಿ ಆದವು. ಒಂದೇ ಅಚ್ಚಿನಿಂದ ಸಾವಿರಾರು ಎರಕ ತೆಗೆದು ಮಾರುವ ಉದ್ಯಮಕ್ಕೆ ಇಷ್ಟು ವೈವಿಧ್ಯ ನುಂಗಲಾರದ ತುತ್ತು. ಹಾಗಾಗಿ ಫೋಮ್ ಶೀಟು, ರಟ್ಟು, ಪ್ಲಾಸ್ಟಿಕ್ ಹಾಳೆಗಳಿಂದ ಕೆಎಸ್‌ಆರ್‌ಟಿಸಿ ಬಸ್ಸನ್ನೂ ಲಾರಿಯನ್ನೂ ಕೈಯಲ್ಲೇ ಕಟ್ಟುವ ಹುಡುಗರ ಕೆಲಸವನ್ನು ನಾನು ಆಮದಾದ ಲೋಹದ ಮಾದರಿಗಿಂತ ಒಂದು ಕೈ ಮೇಲೆ ಇಡುತ್ತೇನೆ, ಅಳತೆ ಹಿಡಿದು ಕಟ್ಟಿದ್ದಾದರೆ. ಶ್ರೀರಂಗಪಟ್ಟಣದ ಬಳಿ, ಧರ್ಮಸ್ಥಳದಲ್ಲಿ ಹಳೆಯ ಕಾರುಗಳಿಗೆ ವಸ್ತುಸಂಗ್ರಹಾಲಯದ ನೆರಳು ಸಿಕ್ಕಿದೆ. ದುಡಿದು ಸವೆದ ಲಾರಿಗೆ ಸಿಗುವುದು ಗುಜರಿಯವನ ಗ್ಯಾಸ್ ಕಟರು.

ಮಾದರಿಯ ಬೆಲೆ ಇರುವುದು ಅಳತೆಯಲ್ಲಿ ಎಂಬ ಮಾತಿಗೆ ಕರಾವಳಿಯ ತೇವವೂ ಸಾಕ್ಷಿ ಒದಗಿಸುತ್ತದೆ. ಲೋಹದ ಮಾದರಿಗಳು ಸತುವಿಗೆ ಅಲ್ಯೂಮಿನಿಯಂ ಮುಂತಾದವನ್ನು ಬೆರೆಸಿದ ಎರಕ. ಅದರಲ್ಲಿ ಸೀಸ, ತವರ ಅಥವಾ ಕ್ಯಾಡ್ಮಿಯಂನ ಕಲಬೆರಕೆ ಅಲ್ಪ ಪ್ರಮಾಣದಲ್ಲಿ ಉಳಿದರೂ ಲೋಹ ಒಳಗಿನಿಂದಲೇ ಬಿರಿದು, ಉಬ್ಬಿ, ಕೊನೆಗೆ ಪುಡಿಯಾಗುತ್ತದೆ. ತೇವದ ಗಾಳಿ ಆ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಮೆತ್ತನೆಯ ಟೈರಿನಿಂದ ಒಸರುವ ರಾಸಾಯನಿಕ ಪ್ಲಾಸ್ಟಿಕ್ ಚಕ್ರವನ್ನೇ ತಿನ್ನುವುದುಂಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಜಿನ ಪೆಟ್ಟಿಗೆ, ಸಿಲಿಕಾ ಜೆಲ್ ಇಲ್ಲದೆ ಈ ಸೀಮೆಯಲ್ಲಿ ಸಂಗ್ರಹ ಉಳಿಸುವುದು ಕಷ್ಟ. ವಸ್ತುವನ್ನೇ ನೆಚ್ಚಿಕೊಂಡವನಿಗೆ ಇದು ನಷ್ಟ. ಅಳತೆಯ ಪಟ್ಟಿ ಬರೆದಿಟ್ಟವನು ಮಾದರಿಯನ್ನು ಮತ್ತೊಮ್ಮೆ ಕಟ್ಟಿಕೊಳ್ಳಬಹುದು.

ಆ ಪಟ್ಟಿ ಮಾಡಲು ಈಗ ಅವಸರವೂ ಇದೆ. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳಿಗೆ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯ. ಚಾಲಕರ ಮಟ್ಟಿಗೆ ಇದು ಬಹಳ ತಡವಾಗಿ ಬಂದ ಒಳ್ಳೆಯ ನಿಯಮ, ಅದರ ಜೊತೆಗೇ ಕೈಯಲ್ಲಿ ಕಟ್ಟಿದ ಮರದ ಕ್ಯಾಬಿನ್ನುಗಳು ರಸ್ತೆಯಿಂದ ಮೆಲ್ಲಗೆ ಜಾಗ ಖಾಲಿ ಮಾಡುತ್ತವೆ. ಅಳೆಯಲು ದುಬಾರಿ ಸಲಕರಣೆ ಬೇಕಾಗಿಲ್ಲ. ಮಾದರಿಯ ಒಂದು ಮಿಲಿಮೀಟರ್ ನಿಜದಲ್ಲಿ ಐದು ಸೆಂಟಿಮೀಟರ್, ಆದ್ದರಿಂದ ಎರಡು ಮೂರು ಸೆಂಟಿಮೀಟರಿನ ವ್ಯತ್ಯಾಸ ಬಂದರೂ ಕೆಲಸ ಕೆಡುವುದಿಲ್ಲ. ಬಡಗಿಯ ಟೇಪು ಸಾಕು. ಮೊದಲು ಆಕ್ಸಲುಗಳ ನಡುವಿನ ಅಂತರ, ಆಮೇಲೆ ಟೈರಿನ ವ್ಯಾಸ, ಒಟ್ಟು ಅಗಲ, ನೆಲದಿಂದ ಚಾಸಿಯ ಎತ್ತರ, ಡಾಲಾದ ಒಳ ಅಳತೆ. ಲಾರಿ ಖಾಲಿ ನಿಂತಿದೆಯೋ ಹೇರಿಕೊಂಡು ನಿಂತಿದೆಯೋ ಎಂಬುದನ್ನೂ ಪಟ್ಟಿಯ ಪಕ್ಕದಲ್ಲೇ ಬರೆದುಕೊಳ್ಳಬೇಕು, ಹೇರಿದ ಲಾರಿಯ ಪಾಟಾ ಬಾಗಿ ಚಾಸಿಯ ಎತ್ತರ ಬದಲಾಗಿರುತ್ತದೆ.