ಬೇಟೆಯ ಕೋವಿ: ಕ್ಯಾಲಿಬರ್ ಆರಿಸುವುದರಲ್ಲೂ ಇಹ್ಸಾನ್

ಪ್ರತಿಯೊಂದು ವಿಷಯದಲ್ಲೂ ಇಹ್ಸಾನ್ ಪಾಲಿಸುವುದನ್ನು ಅಲ್ಲಾಹನು ನಮ್ಮ ಮೇಲೆ ವಿಧಿಸಿದ್ದಾನೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಝಬಹ್ ಮಾಡುವವನು ಕತ್ತಿಯನ್ನು ಹರಿತ ಮಾಡಿಕೊಳ್ಳಬೇಕು, ಪ್ರಾಣಿಗೆ ಹಿಂಸೆ ಆಗದಂತೆ ನೋಡಿಕೊಳ್ಳಬೇಕು ಎಂಬ ಆದೇಶವೂ ಅದೇ ಹದೀಸ್‌ನಲ್ಲಿದೆ. ಶದ್ದಾದ್ ಬಿನ್ ಔಸ್(ರ) ವರದಿ ಮಾಡಿದ ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಬಕ್ರೀದ್ ಹತ್ತಿರ ಬಂದಾಗ ನಮ್ಮ ಖತೀಬರು ಇದನ್ನು ನೆನಪಿಸುವುದುಂಟು. ಕೈಯಲ್ಲಿ ಕತ್ತಿಯ ಬದಲು ಕೋವಿ ಇದ್ದಾಗಲೂ ಈ ಆದೇಶ ಅನ್ವಯಿಸುತ್ತದೆ.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು, ಅಳಿಯಂದಿರು ಅಮೆರಿಕ ಮತ್ತು ಕೆನಡಾದಲ್ಲಿ ನೆಲೆಸಿದ್ದಾರೆ. ಅಲ್ಲಿ ಶರತ್ಕಾಲ ಬಂತೆಂದರೆ ಜಿಂಕೆ ಬೇಟೆಯ ಋತು. ಸರ್ಕಾರವೇ ಪರವಾನಗಿ ಕೊಡುತ್ತದೆ. ಎಷ್ಟು ಪ್ರಾಣಿ, ಯಾವ ದಿನಗಳಲ್ಲಿ ಎಂಬುದನ್ನೂ ಅದೇ ನಿಗದಿ ಮಾಡುತ್ತದೆ. ಜೊತೆಯಲ್ಲಿ ಕೆಲಸ ಮಾಡುವವರು ಬೇಟೆಗೆ ಕರೆಯುತ್ತಾರೆ, ಇಲ್ಲವೇ ಮಾಂಸವನ್ನು ಮನೆಗೆ ತಂದುಕೊಡುತ್ತಾರೆ. ಆಗ ಯಾವ ರೈಫಲ್ ಸರಿ, ಆ ಮಾಂಸ ಹಲಾಲೇ ಎಂಬ ಎರಡು ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ.

ನಮ್ಮ ದೇಶದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಭಾರತದಲ್ಲಿ ಜಿಂಕೆ, ಕಡವೆ, ಕಾಡುಕೋಣಗಳ ಬೇಟೆ ಜೈಲು ಶಿಕ್ಷೆಯ ಅಪರಾಧ. ಕದ್ದು ಹೊಡೆದ ಮಾಂಸವನ್ನು ಕೊಳ್ಳುವುದೂ ಬೇಡ, ಮನೆಗೆ ತರುವುದೂ ಬೇಡ. ಮುಂದಿನ ಮಾತೆಲ್ಲ ಕಾನೂನು ಅನುಮತಿ ಕೊಟ್ಟಿರುವ ನಾಡುಗಳಲ್ಲಿ ಇರುವವರಿಗೆ.

ಕ್ಯಾಲಿಬರ್ ಎಂದರೇನು?

ಕೋವಿಯ ನಳಿಗೆಯ ಒಳ ಅಗಲವೇ ಕ್ಯಾಲಿಬರ್. ಹೆಚ್ಚುಕಡಿಮೆ ಗುಂಡಿನ ದಪ್ಪವೂ ಅಷ್ಟೇ. ಅಮೆರಿಕದಲ್ಲಿ ಇದನ್ನು ಇಂಚಿನ ಭಾಗಗಳಲ್ಲಿ ಹೇಳುತ್ತಾರೆ. .243 ಎಂದರೆ ಸುಮಾರು 6 ಮಿಲಿಮೀಟರ್, .308 ಎಂದರೆ ಸುಮಾರು 7.8 ಮಿಲಿಮೀಟರ್ ದಪ್ಪದ ಗುಂಡು. ತೇಜಸ್ವಿಯವರ ಮೂಲಕ ಕೆನೆತ್ ಆ್ಯಂಡರ್ಸನ್‌ನ ಶಿಕಾರಿ ಕಥೆಗಳನ್ನು ಓದಿದವರಿಗೆ, ಆತ ಹಿಡಿಯುತ್ತಿದ್ದ .405 ವಿಂಚೆಸ್ಟರ್ ನೆನಪಿರಬಹುದು. ಅದರ ಗುಂಡು 10 ಮಿಲಿಮೀಟರ್‌ಗೂ ಸ್ವಲ್ಪ ಹೆಚ್ಚು ದಪ್ಪ.

ಆದರೆ ದಪ್ಪವೊಂದರಿಂದಲೇ ಬಲ ತಿಳಿಯದು. .308 ವಿಂಚೆಸ್ಟರ್, .30-06 ಸ್ಪ್ರಿಂಗ್‌ಫೀಲ್ಡ್, .300 ವಿಂಚೆಸ್ಟರ್ ಮ್ಯಾಗ್ನಮ್ ಈ ಮೂರೂ ಒಂದೇ ದಪ್ಪದ ಗುಂಡನ್ನು ಹಾರಿಸುತ್ತವೆ. ತೋಟಾದ ಉದ್ದ ಮತ್ತು ಅದರೊಳಗಿನ ಮದ್ದು ಬೇರೆಬೇರೆ. ಮದ್ದು ಹೆಚ್ಚಾದಷ್ಟೂ ವೇಗ ಹೆಚ್ಚು. ವೇಗ ಹೆಚ್ಚಾದಷ್ಟೂ ಭುಜಕ್ಕೆ ಬೀಳುವ ಒದೆತವೂ ಹೆಚ್ಚು. ಗುಂಡಿನ ತೂಕವನ್ನು ‘ಗ್ರೇನ್’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಗ್ರಾಮ್‌ಗೆ ಸುಮಾರು 15 ಗ್ರೇನ್. .308ರ 150 ಗ್ರೇನ್ ಗುಂಡು 10 ಗ್ರಾಮ್‌ಗಿಂತ ತುಸು ಕಡಿಮೆ ತೂಗುತ್ತದೆ, ಸೆಕೆಂಡಿಗೆ ಸುಮಾರು 850 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತದೆ.

ಯಾವ ಪ್ರಾಣಿಗೆ ಯಾವುದು?

ಅಮೆರಿಕದಲ್ಲಿ ಹೆಚ್ಚಾಗಿ ಬೇಟೆಯಾಗುವುದು ಬಿಳಿಬಾಲದ ಜಿಂಕೆ. ಬೆಳೆದ ಗಂಡು ಸಾಮಾನ್ಯವಾಗಿ 60ರಿಂದ 130 ಕಿಲೋ ಇರುತ್ತದೆ. ಇದಕ್ಕೆ .243 ವಿಂಚೆಸ್ಟರ್, 6.5 ಕ್ರೀಡ್‌ಮೋರ್, .270 ವಿಂಚೆಸ್ಟರ್, .308 ಇವುಗಳಲ್ಲಿ ಯಾವುದಾದರೂ ಸಾಕು. 1895ರಿಂದ ಬಳಕೆಯಲ್ಲಿರುವ .30-30 ಇಂದಿಗೂ ದಟ್ಟ ಕಾಡಿನಲ್ಲಿ, ಹತ್ತಿರದ ಹೊಡೆತಕ್ಕೆ ಒದಗುತ್ತದೆ. 300 ಕಿಲೋ ದಾಟುವ ಎಲ್ಕ್, ಅದಕ್ಕೂ ದೊಡ್ಡದಾದ ಮೂಸ್‌ಗಳಿಗೆ .30-06, 7 ಮಿಲಿಮೀಟರ್ ರೆಮಿಂಗ್ಟನ್ ಮ್ಯಾಗ್ನಮ್, .300 ಮ್ಯಾಗ್ನಮ್‌ಗಳಂಥವು ಬೇಕೆನ್ನುತ್ತಾರೆ. ಆಫ್ರಿಕಾದ ಕಾಡೆಮ್ಮೆ, ಆನೆಗಳಂಥ ಅಪಾಯಕಾರಿ ಪ್ರಾಣಿಗಳಿಗೆ .375ಕ್ಕಿಂತ ಕಡಿಮೆ ಆಗದೆಂಬ ನಿಯಮ ಅಲ್ಲಿನ ಹಲವು ದೇಶಗಳಲ್ಲಿದೆ.

ಕೆಲವು ರಾಜ್ಯಗಳು ಕನಿಷ್ಠ ಮಿತಿ ಹಾಕಿವೆ. ಕೊಲೊರಾಡೊದಲ್ಲಿ ದೊಡ್ಡ ಪ್ರಾಣಿಗಳಿಗೆ .24ಕ್ಕಿಂತ ಸಣ್ಣ ಕ್ಯಾಲಿಬರ್ ಬಳಸುವಂತಿಲ್ಲ. ಜಿಂಕೆಗೆ ಗುಂಡು ಕನಿಷ್ಠ 70 ಗ್ರೇನ್, ಎಲ್ಕ್ ಮತ್ತು ಮೂಸ್‌ಗೆ ಕನಿಷ್ಠ 85 ಗ್ರೇನ್ ಇರಬೇಕು; ಅದು ಒಳಹೊಕ್ಕಾಗ ಅರಳುವ ಗುಂಡೇ ಆಗಿರಬೇಕು. ಪೂರ್ತಿ ಲೋಹದ ಹೊದಿಕೆಯ ಗುಂಡು ದೇಹವನ್ನು ಸಣ್ಣ ತೂತು ಮಾಡಿ ಆಚೆ ಹೋಗಿಬಿಡಬಹುದು. ಪ್ರಾಣಿ ಮೈಲುಗಟ್ಟಲೆ ಓಡಿ ಎಲ್ಲೋ ನರಳಿ ಸಾಯುತ್ತದೆ. ಅರಳುವ ಗುಂಡು ಹೃದಯ, ಶ್ವಾಸಕೋಶದ ಭಾಗಕ್ಕೆ ಬಿದ್ದರೆ ಪ್ರಾಣ ಬೇಗ ಹೋಗುತ್ತದೆ. ಕತ್ತಿ ಹರಿತವಾಗಿರಲಿ ಎಂಬ ಆದೇಶವನ್ನು ಕೋವಿಯ ಭಾಷೆಯಲ್ಲಿ ಹೇಳಿದರೆ ಇದೇ ಆಗುತ್ತದೆ.

ದೊಡ್ಡದಿದ್ದರೆ ಒಳ್ಳೆಯದೇ?

ಹೊಸಬರು ಎಡವುವುದು ಇಲ್ಲಿಯೇ. ದೊಡ್ಡ ಕೋವಿ ಇದ್ದರೆ ಗುರಿ ಸ್ವಲ್ಪ ತಪ್ಪಿದರೂ ನಡೆಯುತ್ತದೆ ಎಂದುಕೊಳ್ಳುತ್ತಾರೆ. ಹೊಟ್ಟೆಗೋ ಕಾಲಿಗೋ ಬಿದ್ದ ಮ್ಯಾಗ್ನಮ್ ಗುಂಡಿಗಿಂತ ಶ್ವಾಸಕೋಶಕ್ಕೆ ಬಿದ್ದ .243 ಎಷ್ಟೋ ಮೇಲು. ಮ್ಯಾಗ್ನಮ್ ಭುಜಕ್ಕೆ ಜೋರಾಗಿ ಒದೆಯುತ್ತದೆ. ಒಮ್ಮೆ ಒದೆತ ತಿಂದವನು ಮುಂದಿನ ಸಲ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚುತ್ತಾನೆ, ಮೈ ಬಿಗಿಮಾಡುತ್ತಾನೆ, ಗುರಿ ತಪ್ಪುತ್ತದೆ. ಆದ್ದರಿಂದ ಆ ಪ್ರಾಣಿಗೆ ಕಾನೂನು ಒಪ್ಪುವ, ಸಾಕಷ್ಟು ಬಲವಿರುವ ಕ್ಯಾಲಿಬರ್‌ಗಳಲ್ಲಿ ತಾನು ಹೆದರದೆ, ನಿಖರವಾಗಿ ಹಾರಿಸಬಲ್ಲದ್ದನ್ನೇ ಆರಿಸಬೇಕು. ಋತುವಿಗೆ ಮುನ್ನ ಗುರಿಮೈದಾನದಲ್ಲಿ ಅಭ್ಯಾಸ ಮಾಡಬೇಕು. ಅಲ್ಲಿ ನಿಖರವಾಗಿ ಹೊಡೆಯಲಾಗದ ದೂರದಿಂದ ಕಾಡಿನಲ್ಲೂ ಹಾರಿಸಬಾರದು. ದೊಡ್ಡಸ್ತಿಕೆಗಾಗಿ ಕೋವಿ ಹಿಡಿಯುವವರು, ಜೀವವಿರುವ ಯಾವುದನ್ನೂ ಸುಮ್ಮನೆ ಗುರಿಹಲಗೆ ಮಾಡಿಕೊಳ್ಳುವುದನ್ನು ಪ್ರವಾದಿ(ಸ) ತಡೆದಿದ್ದಾರೆಂಬುದನ್ನು ಮರೆಯಬಾರದು.

ಮಾಂಸ ಹಲಾಲೇ?

ಬೇಟೆ ಹಲಾಲ್ ಎಂಬುದಕ್ಕೆ ಸೂರಃ ಅಲ್ ಮಾಇದಃದಲ್ಲೇ ಆಧಾರವಿದೆ. ಇಹ್ರಾಮ್‌ನಲ್ಲಿರುವವರಿಗೆ ನೆಲದ ಬೇಟೆ ನಿಷಿದ್ಧ. ಅದಿಯ್ಯ್ ಬಿನ್ ಹಾತಿಮ್(ರ) ಕೇಳಿದ ಪ್ರಶ್ನೆಗಳಿಗೆ ಪ್ರವಾದಿ(ಸ) ಕೊಟ್ಟ ಉತ್ತರಗಳು ಈ ವಿಷಯದ ಬುನಾದಿ. ಬಾಣವು ಚೂಪಾದ ತುದಿಯಿಂದ ಚುಚ್ಚಿ ಕೊಂದರೆ ತಿನ್ನಬಹುದು. ಅಡ್ಡಲಾಗಿ ಬಡಿದು ಕೊಂದರೆ ತಿನ್ನಬಾರದು. ಬೇಟೆ ನೀರಿಗೆ ಬಿದ್ದು ಸತ್ತಿದ್ದರೆ ಬಿಡಬೇಕು. ಕೊಂದದ್ದು ಬಾಣವೋ ನೀರೋ ಎಂದು ತಿಳಿಯದು.

ಆ ಕಾಲದಲ್ಲಿ ಕೋವಿ ಇರಲಿಲ್ಲವಾದ್ದರಿಂದ ವಿದ್ವಾಂಸರಲ್ಲಿ ಅಭಿಪ್ರಾಯಭೇದವಿದೆ. ಗುಂಡು ಕತ್ತರಿಸುವುದಿಲ್ಲ, ರಭಸದಿಂದ ಬಡಿದು ಕೊಲ್ಲುತ್ತದೆ. ಆದ್ದರಿಂದ ಜೀವವಿರುವಾಗಲೇ ಝಬಹ್ ಮಾಡಿದರೆ ಮಾತ್ರ ಹಲಾಲ್ ಎಂಬುದು ಬಹಳಷ್ಟು ಹನಫಿ ವಿದ್ವಾಂಸರ ನಿಲುವು. ಶಾಫಿಈ ವಿದ್ವಾಂಸರಲ್ಲೂ ಹೀಗೆ ಹೇಳಿದವರಿದ್ದಾರೆ. ಗುಂಡು ಚರ್ಮ ಸೀಳಿ ಒಳಹೊಕ್ಕು ರಕ್ತ ಹರಿಸುತ್ತದೆ. ಬಿಸ್ಮಿ ಹೇಳಿ ಹಾರಿಸಿದ್ದರೆ ಬಾಣದಂತೆಯೇ ಹಲಾಲ್ ಎಂಬುದು ಇಮಾಮ್ ಶೌಕಾನಿ ಮತ್ತು ಈ ಕಾಲದ ಅನೇಕ ಅರಬ್ ವಿದ್ವಾಂಸರ ನಿಲುವು. ಎರಡೂ ಕಡೆಯವರು ಒಪ್ಪುವ ಮಾತೆಂದರೆ, ಬಿದ್ದ ಪ್ರಾಣಿಗೆ ಇನ್ನೂ ಜೀವವಿದ್ದರೆ ತಡಮಾಡದೆ ಝಬಹ್ ಮಾಡಬೇಕು. ಮುಸ್ಲಿಮೇತರ ಗೆಳೆಯ ಹೊಡೆದು ತಂದ ಮಾಂಸದ ಬಗ್ಗೆ, ತಿನ್ನುವ ಮೊದಲು ನಿಮ್ಮ ಮದ್‌ಹಬ್‌ನ ಆಲಿಮರನ್ನೇ ಕೇಳಿ.

ಇಲ್ಲೊಂದು ಇಕ್ಕಟ್ಟಿದೆ. ಝಬಹ್ ಕಡ್ಡಾಯ ಎನ್ನುವವರಲ್ಲಿ ಯಾರಾದರೂ, ಕೈಗೆ ಸಿಗುವಾಗ ಜೀವ ಉಳಿದಿರಲಿ ಎಂದು ಬೇಕೆಂದೇ ಸಣ್ಣ ಕ್ಯಾಲಿಬರ್ ಹಿಡಿದರೆ? ಅಥವಾ ಕಾಲಿಗೆ ಗುರಿಯಿಟ್ಟರೆ? ಅದು ಇಹ್ಸಾನ್ ಅಲ್ಲ ಎಂಬುದು ನಮ್ಮ ಅನಿಸಿಕೆ. ಪ್ರಾಣಿ ನರಳುತ್ತದೆ, ಎಷ್ಟೋ ಸಲ ಕೈಗೂ ಸಿಗುವುದಿಲ್ಲ. ಗಾಯಗೊಂಡ ಗಂಡು ಜಿಂಕೆಯ ಕೊಂಬು, ಗೊರಸುಗಳಿಂದ ಹತ್ತಿರ ಹೋದವನ ಜೀವಕ್ಕೂ ಅಪಾಯ. ಅಂಥವರು ಬೇಟೆಯ ಮಾಂಸದ ಆಸೆ ಬಿಟ್ಟು, ಸಾಕಿದ ಜಿಂಕೆಯನ್ನು ಕೈಯಾರೆ ಝಬಹ್ ಮಾಡಿದ ಮಾಂಸ ಸಿಕ್ಕರೆ ತಿನ್ನಲಿ, ಇಲ್ಲವಾದರೆ ಕುರಿ, ಕೋಳಿ ಇದ್ದೇ ಇವೆ.

ತಾಯಂದಿರಿಗೆ ಒಂದು ಮಾತು

ಹೆಚ್ಚಿನ ಗುಂಡುಗಳ ತಿರುಳು ಸೀಸ. ವೇಗವಾಗಿ ಹೊಕ್ಕಾಗ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಗಾಯದ ಸುತ್ತ ಚದುರುತ್ತದೆ. ಬಡವರಿಗೆಂದು ದಾನ ಬಂದಿದ್ದ ಜಿಂಕೆ ಖೀಮಾದಲ್ಲಿ ಸೀಸ ಕಂಡದ್ದರಿಂದ, 2008ರಲ್ಲಿ ನಾರ್ತ್ ಡಕೋಟಾದ ಆರೋಗ್ಯ ಇಲಾಖೆ ಅದನ್ನು ಹಂಚಬೇಡಿ ಎಂದು ಹೇಳಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಸೀಸ ವಿಷ. ಬೇಟೆಯಾಡುವವರು ತಾಮ್ರದ ಗುಂಡನ್ನೇ ಆರಿಸಲಿ. ಸೀಸದ ಗುಂಡಿನಿಂದ ಹೊಡೆದದ್ದಾದರೆ ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯಿರಿ; ಗರ್ಭಿಣಿಯರಿಗೆ, ಮಕ್ಕಳಿಗೆ ಬಡಿಸಲೇಬೇಡಿ. ಅಲ್ಲಾಹನು ಹಲಾಲ್ ಜೊತೆಗೆ ತಯ್ಯಿಬ್ ಆದುದನ್ನೂ ತಿನ್ನಲು ಹೇಳಿದ್ದಾನೆ.

ಮೂಕಪ್ರಾಣಿಯ ಕೊನೆಯ ಗಳಿಗೆ ನಮ್ಮ ಕೈಯಲ್ಲಿರುವಾಗ ಅದರ ಲೆಕ್ಕವೂ ನಮ್ಮ ಮೇಲಿರುತ್ತದೆ. ಅಲ್ಲಾಹನು ನಮ್ಮನ್ನೂ ದೂರದ ನಾಡುಗಳಲ್ಲಿರುವ ನಮ್ಮ ಮಕ್ಕಳನ್ನೂ ಹಲಾಲ್‌ನಲ್ಲಿ ತೃಪ್ತಿಪಡುವವರಾಗಿ, ಅವನ ಸೃಷ್ಟಿಗೆ ಕರುಣೆ ತೋರುವವರಾಗಿ ಮಾಡಲಿ. ಆಮೀನ್.