ಅಟ್ಟದ ಬಿಸಿಗಾಳಿಗೆ ದಾರಿ

ಏಪ್ರಿಲ್ ತಿಂಗಳ ಸಂಜೆ ಏಳು ಗಂಟೆ. ಹೊರಗೆ ಗಾಳಿ ತಣ್ಣಗಾಗಿದೆ, ಒಳಗೆ ಧಗೆ ಇಳಿದಿಲ್ಲ. ಭದ್ರಾವತಿಯ ಜನ್ನಾಪುರದಲ್ಲಿ ಶೀಟು ಹೊದಿಸಿ, ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಿದ ಮನೆ ನಿಮ್ಮದಾದರೆ ಒಂದು ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ತಾಗಿಸಿ ನೋಡಿ. ಹಗಲೆಲ್ಲ ಕಾದ ಶೀಟು ಮಾಡಿನಡಿಯ ಗಾಳಿಯನ್ನು ಕಾಯಿಸಿದೆ. ಹೋಗಲು ದಾರಿ ಕಾಣದ ಆ ಗಾಳಿ ಅಲ್ಲೇ ಕೂತು ಸೀಲಿಂಗನ್ನು ಕಾಯಿಸುತ್ತಿದೆ. ಕೋಣೆಯ ಫ್ಯಾನು ಆ ಬಿಸಿಯನ್ನೇ ಮೈಮೇಲೆ ತಂದು ಹಾಕುತ್ತದೆ.

ಮಲೆನಾಡಿನ ಹಳೆಯ ಮನೆಗಳಿಗೆ ಈ ತೊಂದರೆ ಕಡಿಮೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹರಡಿದ ಹೆಂಚಿನ ಮಾಡು ಸಂದುಸಂದಿನಲ್ಲೂ ಉಸಿರಾಡುತ್ತದೆ. ಅದರಡಿಯ ಹಲಗೆ ಮುಚ್ಚಿಗೆ, ಮೇಲೆ ಬಳಿದ ಮಣ್ಣು, ಬಿಸಿಯನ್ನು ಅಟ್ಟದಲ್ಲೇ ತಡೆಯುತ್ತವೆ. ಇಂಥ ಮನೆಗೆ ಅಟ್ಟದ ಬಿಸಿಗಾಳಿ ಹೊರಹಾಕುವ ಫ್ಯಾನು ಬೇಡ. ಹಾಕಿದರೂ ಪಕ್ಕದ ಹೆಂಚಿನ ಸಂದಿನಿಂದಲೇ ಗಾಳಿ ಎಳೆದು ಹೊರಗೆ ಬಿಡುತ್ತದೆ, ಅಟ್ಟದ ಆಚೆ ತುದಿ ಹಾಗೇ ಉಳಿಯುತ್ತದೆ.

ಭದ್ರಾವತಿಯವರಿಗೆ ಗಾಳಿಯ ಪಾಠ ಹೊಸದಲ್ಲ. ಕಬ್ಬಿಣದ ಕಾರ್ಖಾನೆ 1923ರಿಂದ ಕಬ್ಬಿಣ ಕರಗಿಸಿದ ಊರು ಇದು. ಕುಲುಮೆ ಉರಿಯಬೇಕಾದರೆ ಕೆಳಗಿನಿಂದ ಗಾಳಿ ಊದಬೇಕು. ಬೆಂಕಿಯ ಕೆಲಸ ನಡೆಯುವ ಶೆಡ್ಡುಗಳಿಗೆ ಮಾಡಿನ ನೆತ್ತಿ ಎತ್ತರಿಸಿ ಉದ್ದಕ್ಕೂ ಸೀಳು ಬಿಡುವುದು ರೂಢಿ. ಬಿಸಿಗಾಳಿ ಹಗುರ, ಅದು ನೆತ್ತಿಯಿಂದ ಹೊರಟಂತೆ ಕೆಳಗಿನ ಬಾಗಿಲುಗಳಿಂದ ತಣ್ಣನೆಯದು ಬರುತ್ತದೆ. 60 ಡಿಗ್ರಿಯ ಗಾಳಿ 30 ಡಿಗ್ರಿಯದಕ್ಕಿಂತ ಸುಮಾರು ನೂರಕ್ಕೆ 9ರಷ್ಟು ಹಗುರ. ಅಷ್ಟು ವ್ಯತ್ಯಾಸವೇ ಸಾಕು.

ಮನೆಯಲ್ಲಿ ಎಡವುವುದು ಇಲ್ಲೇ. ಗೋಡೆ ಕೊರೆದು ಎಕ್ಸಾಸ್ಟ್ ಫ್ಯಾನು ಕೂರಿಸುತ್ತಾರೆ, ಗಾಳಿ ಒಳಬರುವ ಕಿಂಡಿ ಮಾಡುವುದಿಲ್ಲ. ಆಗ ಫ್ಯಾನು ಸೀಲಿಂಗಿನ ಸಂದುಗಳಿಂದ ಕೋಣೆಯ ಗಾಳಿಯನ್ನೇ ಎಳೆಯುತ್ತದೆ. ಬಚ್ಚಲ ಒಲೆ ಉರಿಯುತ್ತಿದ್ದರೆ ಅದರ ಹೊಗೆಯೂ ಮನೆಯೊಳಗೆ ತಿರುಗಬಹುದು. ಆ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಜೀವಕ್ಕೇ ಅಪಾಯ. ಹಾಗಾಗಿ ಮೊದಲು ಕಿಂಡಿ, ಆಮೇಲೆ ಫ್ಯಾನು.

ಎಷ್ಟು ದೊಡ್ಡ ಕಿಂಡಿ? 30 ಅಡಿಗೆ 20 ಅಡಿ ಮನೆ, ಶೀಟಿಗೂ ಸೀಲಿಂಗಿಗೂ ನಡುವೆ ಸರಾಸರಿ 4 ಅಡಿ ಎಂದರೆ 2400 ಘನ ಅಡಿ ಗಾಳಿ. 6 ನಿಮಿಷಕ್ಕೊಮ್ಮೆ ಅದು ಬದಲಾಗಬೇಕೆಂದರೆ ನಿಮಿಷಕ್ಕೆ 400 ಘನ ಅಡಿ ಹೊರಹೋಗಬೇಕು. 12 ಇಂಚಿನ ಫ್ಯಾನಿಗೆ ಅದು ಸುಲಭ. ಗಾಳಿ ನಿಮಿಷಕ್ಕೆ 200 ಅಡಿ ವೇಗದಲ್ಲಿ ಒಳಬಂದರೆ 2 ಚದರ ಅಡಿ ಕಿಂಡಿ ಬೇಕು. ಇಲಿ, ಬಾವಲಿ ಬಾರದಂತೆ ಜಾಲರಿ ಹಾಕಲೇಬೇಕು, ಜಾಲರಿ ಜಾಗ ತಿನ್ನುತ್ತದೆ. 3 ಚದರ ಅಡಿ ಇಡಿ, ಫ್ಯಾನಿನ ಎದುರು ತುದಿಯಲ್ಲಿ, ಸೂರಿನಡಿ.

ಫ್ಯಾನು ಪೂರ್ವದ ಗೋಡೆಯಲ್ಲಿದ್ದರೆ ಒಳ್ಳೆಯದು. ನಮ್ಮ ಮುಂಗಾರಿನ ಎರಚಲು ಹೆಚ್ಚಾಗಿ ನೈಋತ್ಯದಿಂದ. ಸಿಮೆಂಟ್ ಶೀಟನ್ನು ಕೊರೆಯಬೇಡಿ. ಹಳೆಯ ಶೀಟುಗಳಲ್ಲಿ ಕಲ್ನಾರು ಇರುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ಕೇಡು. ಅಟ್ಟ ಕಾದಾಗ ಫ್ಯಾನನ್ನು ತಾನೇ ಚಾಲೂ ಮಾಡುವ ಥರ್ಮೋಸ್ಟಾಟ್ ಇದ್ದರೆ ನೆನಪಿಟ್ಟುಕೊಂಡು ಸ್ವಿಚ್ಚು ಹಾಕುವ ಗೋಜಿಲ್ಲ. 50 ವಾಟಿನ ಫ್ಯಾನು ದಿನಕ್ಕೆ 6 ಗಂಟೆ ತಿರುಗಿದರೆ 0.3 ಯೂನಿಟ್.

ಫ್ಯಾನು ತೆಗೆಯುವುದು ಗಾಳಿಯ ಬಿಸಿಯನ್ನು ಮಾತ್ರ. ಕಾದ ಶೀಟಿನಿಂದ ಒಲೆಯ ಕಾವಿನಂತೆ ನೇರ ಇಳಿಯುವ ಬಿಸಿಗೆ ಅದು ಅಡ್ಡ ಬರದು. ಅದಕ್ಕೆ ಶೀಟಿನ ಮೇಲೆ ಬಿಳಿ ಬಣ್ಣ ಬೇಕು. ಎರಡಕ್ಕೂ ದುಡ್ಡಿಲ್ಲದಿದ್ದರೆ ನಾನು ಬಣ್ಣವನ್ನೇ ಮೊದಲು ಹೇಳುತ್ತೇನೆ. ತಾರಸಿ ಮನೆಗೆ ಮಾಡಿನಡಿಯ ಅಟ್ಟವೇ ಇಲ್ಲ, ಅಲ್ಲಿ ಈ ಫ್ಯಾನಿಗೆ ಕೆಲಸವಿಲ್ಲ. ಬಿಳಿ ಬಣ್ಣಕ್ಕೆ ಇದೆ.

ಎಲ್ಲ ಕೂರಿಸಿದ ಮೇಲೆ ಫ್ಯಾನು ಹಾಕಿ, ಸೂರಿನ ಕಿಂಡಿಗೆ ಊದುಬತ್ತಿ ಹಿಡಿಯಿರಿ. ಹೊಗೆ ಸರಸರನೆ ಒಳಗೆ ಹೋಗಬೇಕು. ಅದೇ ಊದುಬತ್ತಿಯನ್ನು ಕೋಣೆಯೊಳಗೆ ಸೀಲಿಂಗಿನ ಬಲ್ಬು ಹೋಲ್ಡರಿನ ಸುತ್ತ ಹಿಡಿಯಿರಿ. ಅಲ್ಲೂ ಹೊಗೆ ಸಂದಿಗೆ ನುಗ್ಗಿದರೆ ಆ ಸಂದು ಮುಚ್ಚಿ, ಹೊರಗಿನ ಕಿಂಡಿಯನ್ನು ಇನ್ನಷ್ಟು ಅಗಲ ಮಾಡಿಸಿ.