ಬರ್ಲೆಸ್ಕ್: ನಗಿಸುವ ನಕಲು

ನಾವು ಕನ್ನಡದಲ್ಲಿ ದಿನವೂ ಬಳಸುವ 'ನಕಲು', 'ತಮಾಷೆ' ಎಂಬ ಪದಗಳು ಅರಬ್ಬಿ ಮೂಲದವು. ನಮ್ಮ ಮನೆಮಾತಾದ ಉರ್ದುವಿನಲ್ಲಿ 'ನಕಲ್ ಉತಾರ್‌ನಾ' ಎಂದರೆ ಒಬ್ಬರ ಮಾತು, ನಡಿಗೆಯನ್ನು ಅನುಕರಿಸುವುದು. ಪರೀಕ್ಷೆಯಲ್ಲಿ ನಕಲು ಮಾಡಿದರೆ ಡಿಬಾರ್, ವೇದಿಕೆಯಲ್ಲಿ ಚೆನ್ನಾಗಿ ನಕಲು ಮಾಡಿದರೆ ಚಪ್ಪಾಳೆ! ನಗಿಸಲೆಂದೇ ಮಾಡುವ ಇಂಥ ಅನುಕರಣೆಗೆ ಯುರೋಪಿನ ಸಾಹಿತ್ಯದಲ್ಲಿ ಬರ್ಲೆಸ್ಕ್ ಎಂಬ ಹೆಸರಿದೆ.

ಇಟಾಲಿಯನ್ ಭಾಷೆಯಲ್ಲಿ 'ಬುರ್ಲಾ' ಎಂದರೆ ತಮಾಷೆ, ಗೇಲಿ. ಅದರಿಂದ ಹುಟ್ಟಿದ ಪದ ಫ್ರೆಂಚ್ ಮೂಲಕ 17ನೇ ಶತಮಾನದಲ್ಲಿ ಇಂಗ್ಲಿಷ್‌ಗೆ ಬಂತು. ಅದಕ್ಕೂ ಮೊದಲೇ, 16ನೇ ಶತಮಾನದಲ್ಲಿ, ಇಟಲಿಯ ಕವಿ ಫ್ರಾಂಚೆಸ್ಕೊ ಬೆರ್ನಿ ಪೀಚ್ ಹಣ್ಣನ್ನು, ಹಾವುಮೀನನ್ನು ಹೊಗಳಿ ಹಾಸ್ಯ ಪದ್ಯಗಳನ್ನು ಬರೆದಿದ್ದ.

ಬರ್ಲೆಸ್ಕ್‌ನಲ್ಲಿ ಮುಖ್ಯವಾಗಿ ಎರಡು ವಿಧ. ಮೊದಲನೆಯದು, ದೊಡ್ಡ ವಿಷಯವನ್ನು ಸಣ್ಣ ಮಾತಿನಲ್ಲಿ ಹೇಳುವುದು. ಫ್ರಾನ್ಸಿನ ಪಾಲ್ ಸ್ಕಾರೋನ್ 1648ರಿಂದ ರೋಮಿನ ಕವಿ ವರ್ಜಿಲನ ಮಹಾಕಾವ್ಯವನ್ನು ಹೀಗೆ ಬರೆದ. ಅಲ್ಲಿ ದೇವತೆಗಳೂ ವೀರರೂ ಬೀದಿಯ ಜನರಂತೆ ಮಾತಾಡುತ್ತಾರೆ. ಎರಡನೆಯದು, ಸಣ್ಣ ವಿಷಯವನ್ನು ದೊಡ್ಡ ಮಾತಿನಲ್ಲಿ ಹೇಳುವುದು. ಒಬ್ಬ ಶ್ರೀಮಂತ ತರುಣ ಯುವತಿಯೊಬ್ಬಳ ಕೂದಲಿನ ಸುರುಳಿಯನ್ನು ಕತ್ತರಿಸಿದ್ದರಿಂದ ಎರಡು ಮನೆತನಗಳಿಗೆ ಮನಸ್ತಾಪವಾಯಿತು. ಇಂಗ್ಲೆಂಡಿನ ಅಲೆಕ್ಸಾಂಡರ್ ಪೋಪ್ 1712ರಲ್ಲಿ ಅದನ್ನೇ ಮಹಾಯುದ್ಧದಂತೆ ವರ್ಣಿಸಿ ಕಾವ್ಯ ಮಾಡಿದ. ಬ್ಯಾಲೆನ್ಸ್ ಶೀಟಿನ ಎರಡು ಬದಿ ತಾಳೆಯಾಗದಿದ್ದರೆ ನಮಗೆ ಅಳು ಬರುತ್ತದೆ. ಬರ್ಲೆಸ್ಕ್‌ನಲ್ಲಿ ವಿಷಯವೂ ಶೈಲಿಯೂ ತಾಳೆಯಾಗದಿದ್ದರೇ ನಗು ಬರುವುದು.

ರಂಗಭೂಮಿಯಲ್ಲಿ ಜಾನ್ ಗೇ 1728ರಲ್ಲಿ 'ದಿ ಬೆಗ್ಗರ್ಸ್ ಒಪೆರಾ' ಬರೆದ. ಇಟಾಲಿಯನ್ ಒಪೆರಾದಲ್ಲಿ ರಾಜರಾಣಿಯರು ಹಾಡುತ್ತಿದ್ದರೆ, ಇದರಲ್ಲಿ ಕಳ್ಳರು ಹಾಡುತ್ತಾರೆ. ಮಂತ್ರಿಗಳಿಗೂ ಕಳ್ಳರಿಗೂ ಏನು ವ್ಯತ್ಯಾಸ ಎಂಬ ಚುಚ್ಚುಮಾತು ಪ್ರೇಕ್ಷಕರಿಗೆ ಅರ್ಥವಾಯಿತು. ಮುಂದೆ ಅಮೆರಿಕದಲ್ಲಿ ಬರ್ಲೆಸ್ಕ್ ಎಂಬ ಹೆಸರು ಹಾಡು, ಕುಣಿತ, ಜೋಕುಗಳ ಮನರಂಜನೆಗೆ ಅಂಟಿಕೊಂಡಿತು. ಮೂಲ ಅರ್ಥ ಉಳಿದದ್ದು ಚಾರ್ಲಿ ಚಾಪ್ಲಿನ್‌ನಂಥವರಲ್ಲಿ. 1940ರ 'ದಿ ಗ್ರೇಟ್ ಡಿಕ್ಟೇಟರ್' ಚಿತ್ರದಲ್ಲಿ ಆತ ಹಿಟ್ಲರನ ಭಾಷಣದ ಆರ್ಭಟವನ್ನು ಅರ್ಥವಿಲ್ಲದ ಶಬ್ದಗಳಲ್ಲಿ ಅನುಕರಿಸಿ ಜಗತ್ತನ್ನೇ ನಗಿಸಿದ.

ಹಾಗಾದರೆ ಎಲ್ಲ ಅಣಕವೂ ಬರ್ಲೆಸ್ಕ್ ಆಗುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ಉರ್ದು ಮಾತಾಡುವ ನಮ್ಮಲ್ಲಿ ಅನೇಕರಿಗೆ 'ಳ' ಹೊರಳುವುದಿಲ್ಲ, 'ಲ' ಆಗಿಬಿಡುತ್ತದೆ. ನನ್ನ ಕನ್ನಡವನ್ನು ಹೀಗೆ ಅಣಕಿಸಿ ನಕ್ಕವರಿದ್ದಾರೆ. ಸಿನಿಮಾಗಳಲ್ಲೂ ಇಂಥ ಹಾಸ್ಯ ಪಾತ್ರಗಳನ್ನು ನೋಡಿದ್ದೇವೆ. ಆಗ ಸುತ್ತಲಿನವರು ನಗುತ್ತಾರೆ, ಮಾತಾಡುವವನು ಮಾತು ನಿಲ್ಲಿಸುತ್ತಾನೆ. ಚಾಪ್ಲಿನ್ ಅನುಕರಿಸಿದ್ದು ಒಬ್ಬ ಸರ್ವಾಧಿಕಾರಿಯ ಗತ್ತನ್ನು. ಕಾಯಿಲೆಯಿಂದ ಮೈ ಬಾಗಿದ್ದ ಸ್ಕಾರೋನ್ ತಮಾಷೆ ಮಾಡಿದ್ದು ತನ್ನದೇ ದೇಹದ ಬಗ್ಗೆ. ಆದ್ದರಿಂದ ಅನುಕರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇದು ಅವರು ಹಾಕಿಕೊಂಡ ಗತ್ತೋ, ಹುಟ್ಟಿ ಬೆಳೆದ ಮನೆಯಿಂದ ಬಂದ ಗುಣವೋ? ಗತ್ತಾದರೆ ಧಾರಾಳವಾಗಿ ನಗಿಸಬಹುದು.

ಕಾಲೇಜು ವಾರ್ಷಿಕೋತ್ಸವದಲ್ಲಿ ಮಿಮಿಕ್ರಿ ಮಾಡುವ ಗೆಳೆಯರಿಗೆ ಒಂದು ಸಲಹೆ. ಕ್ಯಾಂಟೀನಿನ ಸಮೋಸಾ ಬೆಲೆ ಎರಡು ರೂಪಾಯಿ ಏರಿದ್ದನ್ನು ಹಣಕಾಸು ಸಚಿವರ ಬಜೆಟ್ ಭಾಷಣದ ಧಾಟಿಯಲ್ಲಿ ಮಂಡಿಸಿ ನೋಡಿ. ಯಾರ ಮನಸ್ಸೂ ನೋಯುವುದಿಲ್ಲ, ಕಾಮರ್ಸ್ ವಿಭಾಗದ ಚಪ್ಪಾಳೆಯಂತೂ ಖಂಡಿತ.